ಒಂದು ಲಕ್ಷದೊಳಗೆ ಫುಲ್ ಸಸ್ಪೆನ್ಷನ್ ಎಂಟಿಬಿ (ಮೌಂಟನ್ ಬೈಕ್): ಕೊಳ್ಳಬಹುದೇ, ಹಾರ್ಡ್‌ಟೇಲಿನಲ್ಲೇ ಉಳಿಯಬೇಕೇ?

ಯಲಹಂಕದ ಸವಾರ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಮುಂದೆ ಮಾತ್ರ ಶಾಕ್ ಇರುವ ಒಂದು ಸಾಧಾರಣ ಗೇರ್ ಸೈಕಲ್ಲನ್ನು, ಅಂದರೆ ಹಾರ್ಡ್‌ಟೇಲನ್ನು, ಓಡಿಸುತ್ತಿದ್ದೇನೆ. ವಾರಾಂತ್ಯದಲ್ಲಿ ಅವಲಹಳ್ಳಿ ಕಾಡಿನ ಒಳದಾರಿಗಳು, ತಿಂಗಳಿಗೊಮ್ಮೆ ಊರಿಗೆ ಹೋದಾಗ ಮೂಡಿಗೆರೆ ಕಡೆಯ ಕಾಫಿ ತೋಟದ ದಾರಿಗಳು, ಇಷ್ಟೇ ನನ್ನ ಓಡಾಟ. ಅವಲಹಳ್ಳಿಯಲ್ಲಿ ಹೇಗೋ ನಡೆದುಹೋಗುತ್ತದೆ. ತೋಟದ ಇಳಿಜಾರಿನಲ್ಲಿ ಮಾತ್ರ, ಸಿಲ್ವರ್ ಓಕ್ ಬೇರುಗಳು ಮೆಟ್ಟಿಲಿನಂತೆ ಎದ್ದು ನಿಂತಿರುವ ಕಡೆ, ಹಿಂದಿನ ಗಾಲಿ ಪುಟಿದು ಪುಟಿದು ಮನೆ ಸೇರುವ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತದೆ. ವಯಸ್ಸು 43, ತೂಕ 82 ಕೆ.ಜಿ., ಎತ್ತರ ಐದು ಅಡಿ ಒಂಬತ್ತು ಇಂಚು.

ಕೈಯಲ್ಲಿರುವುದು 90 ಸಾವಿರ, ತೀರಾ ಎಳೆದರೆ ಒಂದು ಲಕ್ಷ. ಮನೆಯ ಹತ್ತಿರದ ಅಂಗಡಿಯಲ್ಲಿ 24 ಸಾವಿರಕ್ಕೆ ಹೊಸ ಡಬಲ್ ಶಾಕ್ (ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ, ಫುಲ್ ಸಸ್ಪೆನ್ಷನ್) ಸೈಕಲ್ಲೊಂದಿದೆ, ನೋಡಲು ಭರ್ಜರಿಯಾಗಿದೆ. ಪರಿಚಯದವರೊಬ್ಬರು ಐದು ವರ್ಷ ಹಳೆಯದಾದ, ಹಿಂದೆ ಮುಂದೆ 120 ಮಿ.ಮೀ. ಟ್ರಾವೆಲ್ (ಗಾಲಿ ಮೇಲೆ ಕೆಳಗೆ ಆಡುವ ಅಳತೆ) ಇರುವ ಒಳ್ಳೆಯ ಕಂಪನಿಯ ಸೈಕಲ್ಲಿಗೆ 95 ಸಾವಿರ ಕೇಳುತ್ತಿದ್ದಾರೆ. ಇವೆರಡೂ ಬೇಡವೆಂದರೆ, ಒಂದು ಉತ್ತಮ ಹಾರ್ಡ್‌ಟೇಲ್ ಕೊಂಡು ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಸುಮ್ಮನಿರಬಹುದು. ಅನುಭವಸ್ಥರು ದಯವಿಟ್ಟು ದಾರಿ ತೋರಿಸಬೇಕು.

ಒಂಟಿಗಾಲಿ

ಆ 24 ಸಾವಿರದ ಸೈಕಲ್ಲನ್ನು ಮರೆತುಬಿಡಿ. ಉಳಿದ ಮಾತು ಆಮೇಲೆ.

ತುರಹಳ್ಳಿ ಬಂಡೆ

ಮರೆತುಬಿಡಿ ಎಂದು ಅಪ್ಪಣೆ ಕೊಡಿಸಿದರೆ ಸಾಲದು, ಕಾರಣವನ್ನೂ ಹೇಳಬೇಕಲ್ಲವೇ? ನನ್ನ ಅಣ್ಣನ ಮಗನ ಬಳಿ ಅಂಥದ್ದೇ ಒಂದು ಸೈಕಲ್ಲಿದೆ. ಅದರ ಹಿಂದಿನ ಸ್ಪ್ರಿಂಗಿನ ಮೇಲೆ 850 ಪೌಂಡ್ ಎಂದು ಬರೆದಿದೆ. 850 ಪೌಂಡ್ ಭಾರ ಹೊರುವ ಸ್ಪ್ರಿಂಗು 82 ಕೆ.ಜಿ. ಮನುಷ್ಯನನ್ನು ಹೊರಲಾರದೇ?

ಮೈಸೂರು ವರ್ಕ್‌ಶಾಪ್

ತುರಹಳ್ಳಿಯವರೇ, ಆ 850 ಎಂಬುದು ಸ್ಪ್ರಿಂಗು ಎಷ್ಟು ಭಾರ ಹೊರುತ್ತದೆ ಎಂಬ ಲೆಕ್ಕವಲ್ಲ. ಅದನ್ನು ಒಂದು ಇಂಚು ಕುಗ್ಗಿಸಲು ಎಷ್ಟು ಪೌಂಡ್ ಒತ್ತಬೇಕು ಎಂಬ ಲೆಕ್ಕ, ಅಂದರೆ ಸ್ಪ್ರಿಂಗಿನ ಬಿಗಿತ. ಜೊತೆಗೆ ಗಾಲಿ ಮೂರು ಇಂಚು ಮೇಲೇರಿದಾಗ ಶಾಕ್ ಒಂದು ಇಂಚಿನಷ್ಟೇ ಕುಗ್ಗುವಂತೆ ಸನ್ನೆಗೋಲಿನ ಲೆಕ್ಕದಲ್ಲಿ ಫ್ರೇಮನ್ನು ಮಾಡಿರುತ್ತಾರೆ. ಆದ್ದರಿಂದ ಗಾಲಿಯ ಮೇಲೆ ಬಿದ್ದ ಭಾರ ಶಾಕಿನ ಮೇಲೆ ಸುಮಾರು ಮೂರು ಪಟ್ಟಾಗಿ ಬೀಳುತ್ತದೆ. 82 ಕೆ.ಜಿ. ಸವಾರನಿಗೆ ಆ ಬಿಗಿತವೇನೂ ತಪ್ಪಲ್ಲ. ತೊಂದರೆ ಇರುವುದು ಬೇರೆ ಕಡೆ.

ನಾನು ಹದಿನೇಳು ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಆ ಬೆಲೆಯ ಡಬಲ್ ಶಾಕ್ ಸೈಕಲ್ಲುಗಳಲ್ಲಿ ನನ್ನ ಕೈಗೆ ಬಂದ ಹಿಂದಿನ ಶಾಕನ್ನು ಬಿಚ್ಚಿದಾಗಲೆಲ್ಲ ಸಿಕ್ಕಿದ್ದು ಒಂದು ಸ್ಪ್ರಿಂಗು, ಅದರ ನಡುವೆ ಜಾರುವ ಒಂದು ಸರಳು, ಎರಡು ಪ್ಲಾಸ್ಟಿಕ್ ಬುಷ್, ಅಷ್ಟೇ. ನಿಜವಾದ ಶಾಕಿನೊಳಗೆ ಎಣ್ಣೆ ಇರುತ್ತದೆ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗಿ ಹೋಗುವಾಗ ಹೊಡೆತದ ಶಕ್ತಿಯು ಶಾಖವಾಗಿ ಹೊರಟುಹೋಗುತ್ತದೆ. ಉದ್ದನೆಯ ಕಲ್ಲುದಾರಿಯೊಂದನ್ನು ಇಳಿದು ಮುಗಿಸಿದ ಕೂಡಲೇ ಒಳ್ಳೆಯ ಶಾಕನ್ನು ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಎಣ್ಣೆಯೇ ಇಲ್ಲದ ಶಾಕಿನಲ್ಲಿ ಆ ಶಕ್ತಿಗೆ ಹೋಗಲು ಬೇರೆ ದಾರಿಯಿಲ್ಲ, ಆದ್ದರಿಂದ ಸ್ಪ್ರಿಂಗು ತಾನು ಪಡೆದದ್ದನ್ನು ಆ ಕ್ಷಣವೇ ಸವಾರನ ಕುಂಡಿಗೆ ಹಿಂದಿರುಗಿಸುತ್ತದೆ. ನಮ್ಮ ಯಲಹಂಕದವರ ದೂರು ಹಿಂದಿನ ಗಾಲಿ ಪುಟಿಯುತ್ತದೆ ಎಂಬುದು, ಆ ಸೈಕಲ್ಲು ಅವರನ್ನು ಇನ್ನೂ ಹೆಚ್ಚು ಪುಟಿಸುತ್ತದೆ.

ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಸೀಟನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ, ತಟ್ಟನೆ ಬಿಡಿ. ಸೀಟು ಟಪ್ಪೆಂದು ಮೇಲೆ ಬಂದು ಒಮ್ಮೆ ಕುಣಿದರೆ ಅದರಲ್ಲಿ ಡ್ಯಾಂಪಿಂಗ್, ಅಂದರೆ ಎಣ್ಣೆಯ ಆ ತಡೆ, ಇಲ್ಲ. ಯಾರೋ ತಡೆದು ಹಿಡಿದಂತೆ ನಿಧಾನವಾಗಿ ಎದ್ದರೆ ಇದೆ.

ಯಲಹಂಕದ ಸವಾರ

ಈಗಷ್ಟೇ ಹೋಗಿ ಒತ್ತಿ ನೋಡಿ ಬಂದೆ. ಟಪ್ಪೆಂದಿತು. ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಹಳೇ ಚೈನು

ಹಾಗಾದರೆ ಮೂರನೆಯ ದಾರಿಯೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ, ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಒಂದೇ ಬೆಲೆಗೆ ಫುಲ್ ಸಸ್ಪೆನ್ಷನ್ ಮತ್ತು ಹಾರ್ಡ್‌ಟೇಲ್ ಎರಡನ್ನೂ ಇಟ್ಟು ನೋಡಿದರೆ, ಮೊದಲನೆಯದರಲ್ಲಿ ಹಿಂದಿನ ಶಾಕ್, ಲಿಂಕುಗಳು, ಬೇರಿಂಗುಗಳು, ಕಷ್ಟದ ವೆಲ್ಡಿಂಗು ಇವೆಲ್ಲಕ್ಕೂ ಹಣ ಹೋಗಿರುತ್ತದೆ. ಆ ಹಣ ಮೇಲಿಂದ ಬಿದ್ದಿರುವುದಿಲ್ಲ, ಮುಂದಿನ ಫೋರ್ಕು (ಮುಂದಿನ ಗಾಲಿಯನ್ನು ಹಿಡಿದಿರುವ, ಶಾಕ್ ಇರುವ ಕವಲು), ಬ್ರೇಕು, ಗಾಲಿ, ಗೇರುಗಳಿಂದಲೇ ಕಿತ್ತು ತಂದಿರುತ್ತಾರೆ. 65 ರಿಂದ 70 ಸಾವಿರದ ಹಾರ್ಡ್‌ಟೇಲಿನಲ್ಲಿ ಗಾಳಿಯ ಫೋರ್ಕು, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಮುಂದೆ ಒಂದೇ ಹಲ್ಲುಚಕ್ರವಿರುವ ಗೇರು ದೊರೆಯುತ್ತವೆ. ತೂಕದಲ್ಲಿಯೂ ಒಂದೂವರೆ ಎರಡು ಕಿಲೋ ಉಳಿಯುತ್ತದೆ.

ಉಳಿದ ಹಣದಲ್ಲಿ 2.4 ಇಂಚಿನ ಟೈರುಗಳನ್ನು ಹಾಕಿಸಿ ಟ್ಯೂಬ್‌ಲೆಸ್ ಮಾಡಿಸಿ. ಟ್ಯೂಬ್ ಇದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿ ಪಂಕ್ಚರ್ ಆದೀತೆಂದು 40 ಪಿಎಸ್‌ಐ ಗಾಳಿ ತುಂಬುತ್ತಿದ್ದವರು ಟ್ಯೂಬ್‌ಲೆಸ್ಸಿನಲ್ಲಿ 25ಕ್ಕೆ ಇಳಿಯಬಹುದು. ಬೇರುಗಳ ಮೇಲಿನ ಅರ್ಧ ಕುಲುಕಾಟ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಶಾಕ್ ಬೇಕು ಎನ್ನುವವರಲ್ಲಿ ಮುಕ್ಕಾಲು ಮಂದಿಗೆ ನಿಜವಾಗಿ ಬೇಕಾಗಿರುವುದು ಒಳ್ಳೆಯ ಟೈರು, ಮತ್ತು ಇಳಿಯುವಾಗ ಸೀಟಿನಿಂದ ಎದ್ದು ನಿಲ್ಲುವ ಅಭ್ಯಾಸ.

ಶಿರಸಿ ಘಟ್ಟ

ಹಳೇ ಚೈನು ಅವರೇ, ನಿಮ್ಮ ಟೈರಿನ ಮಾತನ್ನು ಒಪ್ಪುತ್ತೇನೆ. ಎದ್ದು ನಿಲ್ಲುವ ಉಪದೇಶವನ್ನು ಒಪ್ಪಲಾರೆ. ನಾನು ಒಂಬತ್ತು ವರ್ಷಗಳಿಂದ ಹಳೆಯ 26 ಇಂಚಿನ ಗಾಲಿಯ ಫುಲ್ ಸಸ್ಪೆನ್ಷನ್ ಸೈಕಲ್ಲನ್ನು ಅಡಿಕೆ ತೋಟ, ಬೆಟ್ಟದ ದಾರಿಗಳಲ್ಲಿ ಓಡಿಸುತ್ತಿರುವವಳು. ಇಳಿಯುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಹಿಂದಿನ ಶಾಕಿನ ಬೆಲೆ ತಿಳಿಯುವುದು ಬೇರು ತುಂಬಿದ ಏರಿನಲ್ಲಿ. ಅಲ್ಲಿ ಎದ್ದು ನಿಂತರೆ ಹಿಂದಿನ ಗಾಲಿ ಹಿಡಿತ ಬಿಟ್ಟು ಸುತ್ತುತ್ತದೆ. ಕುಳಿತೇ ತುಳಿಯಬೇಕು, ಕುಳಿತರೆ ಹಾರ್ಡ್‌ಟೇಲಿನ ಪ್ರತಿಯೊಂದು ಹೊಡೆತವೂ ಬೆನ್ನುಹುರಿಗೆ ತಗಲುತ್ತದೆ. ಹಿಂದಿನ ಗಾಲಿ ಬೇರಿನ ಮೇಲೆ ಅಂಟಿಕೊಂಡು ಹತ್ತುವ ಸುಖ ಒಮ್ಮೆ ಸಿಕ್ಕವರಿಗೆ ಎರಡು ಕಿಲೋ ತೂಕದ ಮಾತು ನೆನಪಿಗೆ ಬರುವುದಿಲ್ಲ.

ಎರಡನೆಯದನ್ನು ನೋಡಿಯೇ ಬಿಡಿ ಎನ್ನುತ್ತೇನೆ. ಐದು ವರ್ಷ ಹಳೆಯದೆಂದರೆ ಅದು ತಕ್ಕಮಟ್ಟಿಗೆ ಹೊಸ ಕಾಲದ ಸೈಕಲ್ಲೇ. ನನ್ನಂತೆ 26 ಇಂಚಿನದಕ್ಕೆ ಮಾತ್ರ ಈಗ ಕೈಹಾಕಬೇಡಿ. ಅದಕ್ಕೆ ಒಳ್ಳೆಯ ಟೈರು ಹುಡುಕುವುದೇ ಒಂದು ತಪಸ್ಸು. ಫೋರ್ಕು ಕೂರುವ ಹೆಡ್ ಟ್ಯೂಬು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿದ್ದರೆ, ಈಗ ಬರುವ, ಕೆಳಗೆ ಅಗಲವಾಗುವ ಟೇಪರ್ಡ್ ಫೋರ್ಕುಗಳು ಅದರೊಳಗೆ ಕೂರುವುದೂ ಇಲ್ಲ.

ಹಳೇ ಚೈನು

ಏರಿನ ಮಾತು ಸರಿ ಅಕ್ಕ, ಆದರೆ ಪ್ರತಿ ತುಳಿತಕ್ಕೂ ಶಾಕ್ ಕುಗ್ಗಿ ಶಕ್ತಿ ತಿನ್ನುವುದನ್ನು ಏಕೆ ಹೇಳಲಿಲ್ಲ?

ಶಿರಸಿ ಘಟ್ಟ

ಹಳೆಯ ವಿನ್ಯಾಸಗಳಲ್ಲಿ ತಿನ್ನುತ್ತಿತ್ತು. ಅದಕ್ಕಾಗಿಯೇ ಶಾಕಿನ ಮೇಲೆ ಅದನ್ನು ಬಿಗಿ ಮಾಡುವ ಒಂದು ಸಣ್ಣ ಲಿವರ್ ಇಟ್ಟಿದ್ದಾರೆ, ಏರುವಾಗ ತಿರುಗಿಸಿಕೊಳ್ಳಿ.

ಒಂಟಿಗಾಲಿ

ವಿನ್ಯಾಸದ ವಿಷಯ ಬಂದಿರುವುದರಿಂದ ಒಂದು ಚಿಕ್ಕ ಕಥೆ. ಹಿಂದಿನ ಗಾಲಿಯ ಅಚ್ಚಿಗಿಂತ ಸ್ವಲ್ಪ ಮುಂದೆ, ಚೈನಿನ ಪಕ್ಕದ ಕೊಳವೆಯಲ್ಲಿ ಒಂದು ಕೀಲು ಇಡುವ ಪದ್ಧತಿಗೆ ಹಾರ್ಸ್ಟ್ ಲಿಂಕ್ ಎಂದು ಹೆಸರು. ಆಸ್ಟ್ರಿಯಾ ಮೂಲದ, ಮೋಟೋಕ್ರಾಸ್ ಹಿನ್ನೆಲೆಯ ಹಾರ್ಸ್ಟ್ ಲೈಟ್ನರ್ ಎಂಬವರ ಕಲ್ಪನೆ ಅದು. ತುಳಿತದ ಬಲವೂ ಬ್ರೇಕಿನ ಬಲವೂ ಶಾಕಿನ ಕೆಲಸದಲ್ಲಿ ಆದಷ್ಟು ಕಡಿಮೆ ತಲೆಹಾಕಲಿ ಎಂಬುದು ಅದರ ಉದ್ದೇಶ. 1998ರಲ್ಲಿ ಸ್ಪೆಷಲೈಸ್ಡ್ ಕಂಪನಿಯು ಅದರ ಪೇಟೆಂಟನ್ನು ಕೊಂಡಿತು. ಹಾಗಾಗಿ ಅಮೆರಿಕದಲ್ಲಿ ಮಾರಬೇಕೆನ್ನುವ ಉಳಿದವರು ಹಣ ತೆರಬೇಕಿತ್ತು, ಇಲ್ಲವೇ ಬೇರೆ ದಾರಿ ಹುಡುಕಬೇಕಿತ್ತು. ಕಳೆದ ದಶಕದಲ್ಲಿ ಪೇಟೆಂಟಿನ ಅವಧಿ ಮುಗಿಯಿತು, ಈಗ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿಯೂ ಆ ಕೀಲನ್ನು ಕಾಣಬಹುದು. ಹಾಗೆಂದು ಅದಿಲ್ಲದ ಸೈಕಲ್ಲುಗಳೆಲ್ಲ ಕಳಪೆ ಎಂದು ತಿಳಿಯಬಾರದು. ಜೈಂಟ್ ಕಂಪನಿಯ ಸ್ಟಾನ್ಸ್‌ನಲ್ಲಿ ಒಂದೇ ಮುಖ್ಯ ಕೀಲು, ಹಿಂದೆ ಕೀಲಿನ ಬದಲು ಕೊಳವೆಯೇ ತುಸು ಬಾಗುತ್ತದೆ. ಬೇರಿಂಗು ಕಡಿಮೆಯಾದಷ್ಟೂ ನಮ್ಮ ಮಳೆಗಾಲದಲ್ಲಿ ತಲೆನೋವೂ ಕಡಿಮೆ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಅಂಗಡಿಯ ನಡುವಿಲ್ಲದೆ ನೇರವಾಗಿ ಮನೆಗೆ ಕಳುಹಿಸುವ ಕಂಪನಿಗಳಿವೆ. ಕೊಬ್ಲೆನ್ಜ್‌ನ ಕ್ಯಾನಿಯನ್ ಅವುಗಳಲ್ಲೊಂದು. ರಿಯಾಯಿತಿಯ ಕಾಲದಲ್ಲಿ ಎರಡು ಸಾವಿರ ಯೂರೋ ಆಸುಪಾಸಿನಲ್ಲಿ ಒಳ್ಳೆಯ ಫುಲ್ ಸಸ್ಪೆನ್ಷನ್ ಸೈಕಲ್ ದೊರೆಯುತ್ತದೆ. ಅಂಥದ್ದನ್ನು ತರಿಸಿಕೊಳ್ಳಲು ಆಗುವುದಿಲ್ಲವೇ?

ತುರಹಳ್ಳಿ ಬಂಡೆ

ಅವರು ಹೇಳಿದ್ದು ಒಂದು ಲಕ್ಷ ರೂಪಾಯಿ ಸ್ವಾಮಿ, ನೀವು ಶುರು ಮಾಡಿದ್ದೇ ಅದರ ಎರಡು ಪಟ್ಟಿನಿಂದ. ಅದರ ಮೇಲೆ ಸಾಗಾಟದ ಖರ್ಚು, ಸುಂಕ. 2023ರ ಬಜೆಟ್ಟಿನಲ್ಲಿ ಸೈಕಲ್ಲಿನ ಆಮದು ಸುಂಕವನ್ನು ಶೇಕಡಾ 30ರಿಂದ 35ಕ್ಕೆ ಏರಿಸಿದ್ದು ನೆನಪಿದೆಯೇ? ಹೊರಗಿನ ಕಂಪನಿಗಳ ಫುಲ್ ಸಸ್ಪೆನ್ಷನ್ ಸೈಕಲ್ಲುಗಳು ಇಲ್ಲಿ ತುಟ್ಟಿಯಾಗಿರುವುದಕ್ಕೆ ಅದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದು ಸಮಾಧಾನದ ವಿಷಯವೇ, ಆದರೆ ಅಷ್ಟರಿಂದ ಎರಡು ಲಕ್ಷದ ಸೈಕಲ್ಲು ಒಂದು ಲಕ್ಷಕ್ಕೆ ಇಳಿಯುವುದಿಲ್ಲ. ಟ್ರೆಕ್ ಫ್ಯೂಯಲ್ ಇಎಕ್ಸ್, ಸ್ಕಾಟ್ ಸ್ಪಾರ್ಕ್ ಇಂಥವುಗಳನ್ನು ಹೊಸದಾಗಿ ಕೊಳ್ಳುವ ಮಾತು ಈ ಬಜೆಟ್ಟಿನಲ್ಲಿ ಬರುವುದೇ ಇಲ್ಲ.

ಕಳಸದ ಮಳೆ

ಎಲ್ಲರೂ ಕೊಳ್ಳುವ ಬೆಲೆಯನ್ನೇ ಮಾತನಾಡುತ್ತಿದ್ದೀರಿ, ಸಾಕುವ ಬೆಲೆಯನ್ನು ಯಾರೂ ಹೇಳುತ್ತಿಲ್ಲ. ನನ್ನ ಅನುಭವ ಕೇಳಿ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಸೈಕಲ್ಲೊಂದನ್ನು ಕೊಂಡು, ಮೊದಲ ಮಳೆಗಾಲವೆಲ್ಲ ಕೆಂಪು ಕೆಸರಿನಲ್ಲಿ ಹುಚ್ಚೆದ್ದು ಓಡಿಸಿದೆ. ಕಾಲಿಗೆ ಇಂಬಳ ಹತ್ತಿದ್ದು ಮನೆಗೆ ಬಂದ ಮೇಲಾದರೂ ಕಾಣುತ್ತಿತ್ತು, ಬೇರಿಂಗಿಗೆ ನೀರು ಹತ್ತಿದ್ದು ಕಾಣಲಿಲ್ಲ. ಪ್ರತಿ ಸಲ ಬಂದ ಕೂಡಲೇ ಕಾರು ತೊಳೆಯುವ ಪ್ರೆಷರ್ ಪಂಪಿನಿಂದ ಕೆಸರು ತೆಗೆಯುತ್ತಿದ್ದೆ. ಸೈಕಲ್ಲು ಥಳಥಳ ಹೊಳೆಯುತ್ತಿತ್ತು. ಅಕ್ಟೋಬರಿನಲ್ಲಿ ಕೀಲುಗಳು ಕಿರುಗುಟ್ಟತೊಡಗಿದವು. ಬಿಚ್ಚಿಸಿದಾಗ ಎಂಟು ಬೇರಿಂಗುಗಳಲ್ಲಿ ಐದು ತಿರುಗುತ್ತಲೇ ಇರಲಿಲ್ಲ, ಗ್ರೀಸಿನ ಜಾಗದಲ್ಲಿ ಕಾಫಿ ಗಸಿಯಂಥ ಕಂದು ಪುಡಿ ಇತ್ತು. ಆ ಪಂಪಿನ ನೀರೇ ರಬ್ಬರ್ ಸೀಲನ್ನು ದಾಟಿ ಒಳಗೆ ಹೋಗಿತ್ತು. ಈಗ ಬಕೆಟ್ಟು, ಬ್ರಷ್ಷು, ಹಳೇ ಪಂಚೆಯ ತುಂಡು, ಇಷ್ಟೇ.

ಮೈಸೂರು ವರ್ಕ್‌ಶಾಪ್

ಕಳಸದವರು ಹೇಳಿದ್ದು ನೂರಕ್ಕೆ ನೂರು ನಿಜ. ಬೇರಿಂಗಿಗೆ ಹೆದರಬೇಕಾಗಿಲ್ಲ, ಅವು ಹೆಚ್ಚಾಗಿ 6900, 6902 ಎಂಬಂಥ ಸಾಮಾನ್ಯ ಅಳತೆಯವು. ಅಂಚಿನಲ್ಲಿ ಕೆತ್ತಿರುವ ಸಂಖ್ಯೆಯನ್ನು ಬರೆದುಕೊಂಡು ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಗಳಲ್ಲಿ ಕೇಳಬಹುದು. 6902 ಎಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ. ಉದ್ದನೆಯ ಬೋಲ್ಟು, ಎರಡು ನಟ್ಟು, ತಕ್ಕ ಅಳತೆಯ ವಾಷರುಗಳನ್ನು ಇಟ್ಟು ನಿಧಾನವಾಗಿ ಬಿಗಿಯುತ್ತಾ ಒಳಗೆ ಎಳೆಯಬೇಕು, ಒತ್ತಡ ಹೊರಗಿನ ಬಳೆಯ ಮೇಲೆಯೇ ಬೀಳಬೇಕು.

ಖರ್ಚು ಬರುವುದು ಶಾಕಿನ ಸರ್ವಿಸಿಗೆ. ಲೋಹದ ಸ್ಪ್ರಿಂಗಿನ ಬದಲು ಗಾಳಿ ತುಂಬಿರುವ ಶಾಕಿನಲ್ಲಿ ಆ ಗಾಳಿಯ ಡಬ್ಬಿಯ ಸೀಲುಗಳನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಶುಚಿಮಾಡಿ ಗ್ರೀಸ್ ಹಾಕಬೇಕೆಂದು ಎಷ್ಟೋ ಶಾಕುಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ ಅದು ಮೂರು ತಿಂಗಳಿಗೊಮ್ಮೆ ಬರುತ್ತದೆ. ಆ ಕೆಲಸವನ್ನು ಮನೆಯಲ್ಲಿಯೇ ಕಲಿಯಬಹುದು. ಒಳಗಿನ ಎಣ್ಣೆಯ ಭಾಗವನ್ನು ಮಾತ್ರ ಮುಟ್ಟಬಾರದು. ಅನೇಕ ಶಾಕುಗಳಲ್ಲಿ ಅಲ್ಲಿ ಹೆಚ್ಚಿನ ಒತ್ತಡದ ನೈಟ್ರೋಜನ್ ಇರುತ್ತದೆ, ಅದಕ್ಕೆ ಬೇರೆಯದೇ ಸಲಕರಣೆ ಬೇಕು.

ನೋಡಲು ಹೋದಾಗ ಸೈಕಲ್ಲಿನ ಪಕ್ಕದಲ್ಲಿ ನಿಂತು ಸೀಟನ್ನು ಹಿಡಿದು ನಿಧಾನವಾಗಿ ಎತ್ತಿ. ಹಿಂದಿನ ಗಾಲಿ ನೆಲ ಬಿಡುವುದಕ್ಕೆ ಮೊದಲು ಕೈಗೆ ಕಟ್ ಎಂಬ ಸಣ್ಣ ಸಡಿಲು ತಿಳಿದರೆ ಕೀಲಿನಲ್ಲೋ ಶಾಕಿನ ಬುಷ್ಷಿನಲ್ಲೋ ಪ್ಲೇ ಇದೆ ಎಂದರ್ಥ. ಕೀಲುಗಳ ಸುತ್ತಲಿನ ವೆಲ್ಡಿಂಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಬಿರುಕೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಆಡಿಸಿ, ಉಗುರಿಗೆ ಸಿಕ್ಕುವ ಗೀರಿದ್ದರೆ ಎಣ್ಣೆ ಸೋರುವುದು ಇವತ್ತಲ್ಲ ನಾಳೆ. ಬಿಲ್ಲು ಕೇಳಿ, ಪೆಡಲಿನ ಅಚ್ಚಿನ ಕೆಳಗೆ ಕೆತ್ತಿರುವ ಫ್ರೇಮ್ ಸಂಖ್ಯೆಯೊಡನೆ ಹೋಲಿಸಿ. ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲ ಒಡೆಯನಿಗೆ ಮಾತ್ರ ಎಂಬುದನ್ನು ಚೌಕಾಸಿಯಲ್ಲಿ ಮರೆಯಬೇಡಿ.

ಹಳೇ ಚೈನು

ಇಷ್ಟೆಲ್ಲ ಓದಿದ ಮೇಲೂ ಫುಲ್ ಸಸ್ಪೆನ್ಷನ್ ಕೊಳ್ಳುತ್ತೇನೆ ಎನ್ನುವವರಿಗೆ ನನ್ನ ನಮಸ್ಕಾರ.

ಯಲಹಂಕದ ಸವಾರ

ಭಾನುವಾರ ಹೋಗಿ ನೋಡಿ ಬಂದೆ. ವೆಲ್ಡಿಂಗು ಸ್ವಚ್ಛವಾಗಿದೆ, ಫೋರ್ಕಿನ ಕಾಲುಗಳಲ್ಲಿ ಗೀರಿಲ್ಲ. ಸೀಟು ಎತ್ತಿದಾಗ ಮಾತ್ರ ನೀವು ಹೇಳಿದ ಆ ಕಟ್ ಸ್ಪಷ್ಟವಾಗಿ ತಿಳಿಯಿತು. ಅವರಿಗೂ ಎತ್ತಿ ತೋರಿಸಿದೆ, ಮುಖ್ಯ ಕೀಲಿನ ಬೇರಿಂಗು ಹೋಗಿದೆ ಎಂದು ಒಪ್ಪಿಕೊಂಡು 85 ಸಾವಿರಕ್ಕೆ ಇಳಿದರು. ಪರಿಚಯದವರಾದ್ದರಿಂದ ಒಂದು ದಿನ ಮನೆಗೆ ಒಯ್ಯಲು ಬಿಟ್ಟರು.

ಸಂಜೆ ಶಾಕ್ ಪಂಪಿನಿಂದ 190 ಪಿಎಸ್‌ಐ ತುಂಬಿಸಿದೆ. ಶಾಕಿನ ಕೊಳವೆಯ ಮೇಲಿರುವ ರಬ್ಬರ್ ಉಂಗುರವನ್ನು ಬುಡಕ್ಕೆ ತಳ್ಳಿ, ಮೆಲ್ಲಗೆ ಹತ್ತಿ ಕುಳಿತು, ಮೆಲ್ಲಗೆ ಇಳಿದು ಅಳೆದೆ, ಉಂಗುರ 14 ಮಿ.ಮೀ. ಸರಿದಿತ್ತು. ಶಾಕಿನ ಪೂರ್ತಿ ಚಲನೆ 45 ಮಿ.ಮೀ. ಆದ್ದರಿಂದ ಮೂವತ್ತು ಶೇಕಡಾದ ಆಸುಪಾಸು, ಸವಾರ ಕುಳಿತಾಗ ಅಷ್ಟು ಕುಗ್ಗಬೇಕಾದ್ದೇ, ಸರಿಯಾಗಿಯೇ ಇದೆ ಎಂದುಕೊಂಡೆ. ಬೆಳಿಗ್ಗೆ ಮತ್ತೆ ಪಂಪು ಸಿಕ್ಕಿಸಿದರೆ ಮುಳ್ಳು 165 ತೋರಿಸುತ್ತಿದೆ! ಒಂದೇ ರಾತ್ರಿಯಲ್ಲಿ 25 ಪಿಎಸ್‌ಐ ಸೋರಿದೆ. ಶಾಕ್ ಸೋರುತ್ತಿದೆ ಎಂದು ಅವರಿಗೆ ಫೋನಿನಲ್ಲಿ ಹೇಳಿದ್ದಕ್ಕೆ, ಬೇಸರದಿಂದಲೇ ಇನ್ನೂ ಐದು ಸಾವಿರ ಬಿಟ್ಟು 80ಕ್ಕೆ ಒಪ್ಪಿದರು. ಮುಂಗಡವನ್ನೂ ಕೊಟ್ಟುಬಿಟ್ಟೆ. ಶಾಕ್ ಸರ್ವಿಸಿಗೆ ಎಲ್ಲಿ ಕೊಡಲಿ?

ಮೈಸೂರು ವರ್ಕ್‌ಶಾಪ್

ಸ್ವಲ್ಪ ತಡೆಯಿರಿ. ಬೆಳಿಗ್ಗೆ ಪಂಪು ಸಿಕ್ಕಿಸಿದಾಗ ಅದರ ಪೈಪು ಖಾಲಿಯಾಗಿತ್ತಲ್ಲವೇ? ಶಾಕಿನೊಳಗೆ ಗಾಳಿಗಿರುವ ಜಾಗ ತೀರಾ ಸಣ್ಣದು. ಪಂಪನ್ನು ಸಿಕ್ಕಿಸಿದ ಕೂಡಲೇ ಶಾಕಿನ ಗಾಳಿ ಹೊರಬಂದು ಪೈಪನ್ನು ತುಂಬುತ್ತದೆ, ಮುಳ್ಳು ಅಷ್ಟರ ಮಟ್ಟಿಗೆ ಕಡಿಮೆ ತೋರಿಸುತ್ತದೆ. ಪಂಪನ್ನು ಬಿಚ್ಚುವಾಗ ಕೇಳಿಬರುವ ಪುಸ್ ಎಂಬ ಶಬ್ದವೂ ಹೆಚ್ಚಾಗಿ ಪೈಪಿನಲ್ಲಿದ್ದ ಗಾಳಿಯದೇ. ಸೋರಿಕೆಯನ್ನು ಪಂಪಿನ ಮುಳ್ಳಿನಿಂದ ಅಳೆಯಬಾರದು, ಆ ಉಂಗುರದಿಂದಲೇ ಅಳೆಯಬೇಕು. ಈಗ 190ಕ್ಕೆ ತುಂಬಿಸಿ ಉಂಗುರ ನೋಡಿ. ಎರಡು ದಿನ ಪಂಪನ್ನು ಮುಟ್ಟದೆ, ಅದೇ ಬಟ್ಟೆ, ಅದೇ ಶೂ ಹಾಕಿಕೊಂಡು ಮತ್ತೆ ಕುಳಿತು ನೋಡಿ.

ಯಲಹಂಕದ ಸವಾರ

ಎರಡು ದಿನವಾಯಿತು. ಮೊದಲ ದಿನ 14 ಮಿ.ಮೀ., ಇವತ್ತೂ 14 ಮಿ.ಮೀ. ಶಾಕ್ ಸೋರುತ್ತಿಲ್ಲ.

ತುರಹಳ್ಳಿ ಬಂಡೆ

ಹಾಗಾದರೆ ಇಲ್ಲದ ಸೋರಿಕೆಗೆ ಐದು ಸಾವಿರ ವಸೂಲು ಮಾಡಿದ್ದೀರಿ. ಚೌಕಾಸಿಯನ್ನು ನಿಮ್ಮಿಂದ ಕಲಿಯಬೇಕು.

ಶಿರಸಿ ಘಟ್ಟ

ತಮಾಷೆ ಬಿಡಿ. ಗೊತ್ತಿಲ್ಲದೆ ಹೇಳಿದ್ದು ಸುಳ್ಳಲ್ಲ, ಗೊತ್ತಾದ ಮೇಲೂ ಸುಮ್ಮನಿದ್ದರೆ ಮಾತ್ರ ಬೇರೆ ಮಾತಾಗುತ್ತದೆ. ಪರಿಚಯದವರು ಬೇರೆ, ಹೇಳಿಬಿಡಿ.

ಹಳೇ ಚೈನು

ಐದು ವರ್ಷದಲ್ಲಿ ಆ ಶಾಕಿಗೆ ಎಷ್ಟು ಸಲ ಸರ್ವಿಸ್ ಆಗಿದೆ ಎಂದು ಮೊದಲು ಕೇಳಿ. ಒಮ್ಮೆಯೂ ಆಗಿಲ್ಲದಿದ್ದರೆ ಆ ಐದು ಸಾವಿರ ಹೇಗೂ ಅದಕ್ಕೇ ಹೋಗುತ್ತದೆ, ಹಿಂದಿರುಗಿಸುವ ಅಗತ್ಯವಿಲ್ಲ.

ಯಲಹಂಕದ ಸವಾರ

ನಿನ್ನೆ ರಾತ್ರಿ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಜೋರಾಗಿ ನಕ್ಕರು. ಶಾಕ್ ಸೋರುತ್ತದೆ ಎಂದು ಅವರೂ ಎರಡು ವರ್ಷದಿಂದ ನಂಬಿ, ಪ್ರತಿ ಶನಿವಾರ ರಾತ್ರಿ ಪಂಪು ಸಿಕ್ಕಿಸಿ ಗಾಳಿ ತುಂಬುತ್ತಿದ್ದರಂತೆ. ಸೈಕಲ್ಲನ್ನು ಮಾರಲು ಹೊರಟದ್ದೂ ಸ್ವಲ್ಪಮಟ್ಟಿಗೆ ಅದೇ ಬೇಸರದಿಂದಂತೆ. ಸರ್ವಿಸ್ ಒಮ್ಮೆಯೂ ಮಾಡಿಸಿಲ್ಲ ಎಂದು ಒಪ್ಪಿಕೊಂಡರು, ಕೊನೆಗೆ 82ಕ್ಕೆ ಮುಗಿಸಿದೆವು. ಕೀಲನ್ನು ಬಿಚ್ಚಿದ್ದೇನೆ, ಬೇರಿಂಗಿನ ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿದ ಮೇಲೆ 6902 ಎಂಬುದು ಕಾಣಿಸಿತು. ಶನಿವಾರ ಜೆ.ಸಿ. ರಸ್ತೆಗೆ ಹೋಗುತ್ತೇನೆ.

ಮೈಸೂರು ವರ್ಕ್‌ಶಾಪ್

ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ ಪಡೆಯಿರಿ, ಒಂದೇ ಅಲ್ಲ, ಜೋಡಿ ತೆಗೆದುಕೊಳ್ಳಿ.